ಆ ಹತ್ತು ಕುದುರೆ ಎಲ್ಲಿ ಹೋದವು?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದ ಮೇಷ್ಟ್ರು. ಮದುವೆಗೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಊಟದ ಎಲೆ ಮುಂದೆ ಕೂತ ಕೂಡಲೇ ಪಕ್ಕದವರು ಒಂದು ಪ್ರಶ್ನೆ ಕೇಳುತ್ತಾರೆ. "ಸಾರ್, ಹೊಸ ಕಾರು ತಗೋಬೇಕು ಅಂತಿದ್ದೀವಿ. ಹಾರ್ಸ್‌ಪವರ್ ನೋಡ್ಬೇಕಾ, ಟಾರ್ಕ್ ನೋಡ್ಬೇಕಾ?" ಅಲ್ಲಿ ಸಾರು ಬರುವ ಹೊತ್ತಿಗೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಇವತ್ತು ಹದಿನೈದು ನಿಮಿಷ ಸಿಕ್ಕಿದೆ. ಪೂರ್ತಿ ಹೇಳುತ್ತೇನೆ.

ನನ್ನ ಉತ್ತರ ಬಹಳ ಚಿಕ್ಕದು. ಎರಡನ್ನೂ ನೋಡಿ. ಆದರೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಎಷ್ಟು ಸುತ್ತಿಗೆ ಅಂತಲೂ ಕೇಳಿ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಆ ಶಕ್ತಿ ಬರುತ್ತದೆ? ಅದನ್ನೇ ಆರ್‌ಪಿಎಂ ಅನ್ನುವುದು. ಇದೊಂದನ್ನು ಕೇಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಟಾರ್ಕ್. ಇದಕ್ಕೆ ಆಲೆಮನೆಗೆ ಹೋಗೋಣ. ಮಲೆನಾಡಿನಲ್ಲಿ ಬೆಳೆದವರಿಗೆ ಕೋಣ ಕಟ್ಟಿದ ಗಾಣ ನೆನಪಿರುತ್ತದೆ. ನಡುವೆ ಕಬ್ಬು ಅರೆಯುವ ಗಾಣ. ಅದರ ತಲೆಗೆ ಒಂದು ಉದ್ದನೆಯ ಮರ. ಮರದ ತುದಿಗೆ ಕೋಣ. ಕೋಣ ಸುತ್ತು ಹಾಕುತ್ತಾ ಇದ್ದರೆ ಗಾಣ ತಿರುಗುತ್ತದೆ, ಕಬ್ಬಿನ ಹಾಲು ಕೆಳಗಿನ ಪಾತ್ರೆಗೆ ಇಳಿಯುತ್ತದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ಕೋಣ ಬಿಚ್ಚಿದ ಮೇಲೆ, ಆ ಮರವನ್ನು ಗಾಣದ ಬುಡದ ಹತ್ತಿರ ಹಿಡಿದು ತಳ್ಳಿದೆ. ಅಲ್ಲಾಡಲಿಲ್ಲ. ತುದಿಗೆ ಹೋಗಿ ತಳ್ಳಿದೆ. ಖಾಲಿ ಗಾಣ ಕಿರ್ ಅಂತ ಸದ್ದು ಮಾಡುತ್ತಾ ತಿರುಗಿಯೇಬಿಟ್ಟಿತು. ನನ್ನ ತೋಳಿನ ಬಲ ಎರಡು ಸಲವೂ ಅಷ್ಟೇ. ಮರದ ಉದ್ದ ಸಿಕ್ಕಿತು, ಗಾಣ ತಿರುಗಿತು.

ಟಾರ್ಕ್ ಅಂದರೆ ಇದೇ. ತಳ್ಳುವ ಬಲ, ಮರದ ಉದ್ದ, ಇವೆರಡರ ಗುಣಾಕಾರ. ನ್ಯೂಟನ್ ಮೀಟರ್ ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತಾರಲ್ಲ, ಅದರಲ್ಲಿ ನ್ಯೂಟನ್ ಬಲದ್ದು, ಮೀಟರ್ ಉದ್ದದ್ದು. ಎಂಜಿನ್ ಒಳಗೆ ಕೋಣದ ಜಾಗದಲ್ಲಿ, ಇಂಧನ ಉರಿದಾಗ ತಳ್ಳುವ ಪಿಸ್ಟನ್ ಇದೆ, ಮರದ ಜಾಗದಲ್ಲಿ, ಆ ತಳ್ಳುವಿಕೆಯಿಂದ ತಿರುಗುವ ಕ್ರ್ಯಾಂಕ್ ಇದೆ. ಅಷ್ಟೇ ವ್ಯತ್ಯಾಸ.

ಈಗ ಹಾರ್ಸ್‌ಪವರ್. ಗಾಣ ತಿರುಗಿತು, ಸರಿ. ಗಂಟೆಗೆ ಎಷ್ಟು ಕೊಡ ಹಾಲು ಬಂತು? ಅದು ಕೋಣದ ಬಲದ ಮೇಲೆ ಮಾತ್ರ ನಿಂತಿಲ್ಲ, ಕೋಣ ಎಷ್ಟು ಬೇಗ ಸುತ್ತು ಹಾಕಿತು ಅನ್ನುವುದರ ಮೇಲೂ ನಿಂತಿದೆ. ಬಲ ಇದ್ದು ನಿಂತಲ್ಲೇ ನಿಂತರೆ ಹನಿ ಹಾಲೂ ಬರುವುದಿಲ್ಲ. ಹೊತ್ತಿಗೆ ಎಷ್ಟು ಕೆಲಸ ಆಯಿತು ಅನ್ನುವ ಲೆಕ್ಕವೇ ಹಾರ್ಸ್‌ಪವರ್.

ಈ ಲೆಕ್ಕ ಹುಟ್ಟಿದ್ದೂ ಗಾಣದಂಥದ್ದೇ ಜಾಗದಲ್ಲಿ. ಇದು ನನಗೆ ತುಂಬಾ ಇಷ್ಟದ ವಿಷಯ. 1780ರ ದಶಕ. ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ ಹಬೆ ಎಂಜಿನ್ ಮಾರುತ್ತಿದ್ದ. ಆಗ ಬ್ರಿಟನ್ನಿನ ಗಿರಣಿಗಳಲ್ಲಿ, ಬಿಯರ್ ಭಟ್ಟಿಗಳಲ್ಲಿ ಕುದುರೆ ಸುತ್ತು ಹಾಕಿ ಯಂತ್ರ ತಿರುಗಿಸುತ್ತಿತ್ತು. ಕೊಳ್ಳುವವರಿಗೆ ಬೇಕಿದ್ದ ಉತ್ತರ ಒಂದೇ, ನಿನ್ನ ಎಂಜಿನ್ ಎಷ್ಟು ಕುದುರೆಗೆ ಸಮ? ವ್ಯಾಟ್ ಲೆಕ್ಕ ಹಾಕಿದ. ಗಿರಣಿಯ ಕುದುರೆ ನಡುಗಂಬದಿಂದ 12 ಅಡಿ ದೂರದಲ್ಲಿ ನಡೆಯುತ್ತದೆ. ಗಂಟೆಗೆ 144 ಸುತ್ತು. ಎಳೆಯುವ ಬಲ ಸುಮಾರು 180 ಪೌಂಡ್. ಇದನ್ನೆಲ್ಲ ಗುಣಿಸಿ, ಕೊನೆಗೆ ಒಂದು ದುಂಡು ಸಂಖ್ಯೆ ಮಾಡಿದ. ಒಂದು ನಿಮಿಷದಲ್ಲಿ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವ ಶಕ್ತಿ, ಒಂದು ಹಾರ್ಸ್‌ಪವರ್. ಈಗಿನ ಲೆಕ್ಕದಲ್ಲಿ 746 ವ್ಯಾಟ್. ಆ ವ್ಯಾಟ್ ಅನ್ನುವುದೂ ಅವನ ಹೆಸರೇ.

ಈಗ ಗಮನವಿಟ್ಟು ಕೇಳಿ. ಆ ಕುದುರೆಯ ಟಾರ್ಕ್ ಎಷ್ಟು? 180 ಪೌಂಡ್ ಬಲ, 12 ಅಡಿ ಉದ್ದ. ನಮ್ಮ ಲೆಕ್ಕಕ್ಕೆ ತಂದರೆ 2,900 ನ್ಯೂಟನ್ ಮೀಟರ್‌ಗಿಂತ ಜಾಸ್ತಿ! ನಿಮ್ಮ ಮನೆ ಮುಂದೆ ನಿಂತಿರುವ ಕಾರಿನದು 100 ಇರಬಹುದು, 200 ಇರಬಹುದು. ಒಂದೇ ಒಂದು ಕುದುರೆ ಅದರ ಹತ್ತಾರು ಪಟ್ಟು ಟಾರ್ಕ್ ಕೊಟ್ಟಿದೆ. ಹಾಗಂತ ಕಾರಿನ ಎಂಜಿನ್ ಬಿಚ್ಚಿ ಕುದುರೆ ಕಟ್ಟಿಕೊಂಡು ಬೆಂಗಳೂರಿಗೆ ಹೊರಡುತ್ತೀರಾ? ಇಲ್ಲ ಅಲ್ವಾ? ಯಾಕೆಂದರೆ ಆ ಟಾರ್ಕ್ ಬರುವುದು ನಿಮಿಷಕ್ಕೆ ಎರಡೂವರೆ ಸುತ್ತೂ ಇಲ್ಲದ ನಡಿಗೆಯಲ್ಲಿ. ಅದಕ್ಕೇ ಹೇಳಿದ್ದು, ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಎಷ್ಟು ಸುತ್ತಿಗೆ?

ಕ್ಲಾಸಿನಲ್ಲಿ ನಾನು ಒಂದು ಸುಲಭದ ಲೆಕ್ಕ ಹೇಳಿಕೊಡುತ್ತೇನೆ. ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ. ನ್ಯೂಟನ್ ಮೀಟರಿನಲ್ಲಿ ಕೊಟ್ಟ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ, 7,000ದಿಂದ ಭಾಗಿಸಿ. ಬರುವುದು ಹಾರ್ಸ್‌ಪವರ್. ವ್ಯಾಟ್‌ನ ಕುದುರೆಗೇ ಹಾಕಿ ನೋಡಿ, ಹೆಚ್ಚುಕಡಿಮೆ ಒಂದು ಅಂತಲೇ ಬರುತ್ತದೆ.

ಈ ಲೆಕ್ಕ ರಸ್ತೆಯ ಮೇಲೆ ಹೇಗೆ ಕಾಣುತ್ತದೆ ಅಂತ ಹೇಳಬೇಕಾದರೆ ನಮ್ಮ ಭಾವನ ಕಥೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ಉಡುಪಿಯಲ್ಲಿ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಭಾವ ಹೊಸದಾಗಿ ಒಂದು ಚಿಕ್ಕ ಪೆಟ್ರೋಲ್ ಕಾರು ತಗೊಂಡಿದ್ದರು. ಮುಂದೆ ಭಾವ ಮತ್ತು ನಾನು. ಹಿಂದೆ ಅಕ್ಕ, ಅವಳ ಮಗಳು, ಭಾವನ ತಾಯಿ. ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ, ಎರಡು ಹಲಸಿನಕಾಯಿ. ನಮ್ಮ ಬೀದಿಯವರೇ ಒಬ್ಬರು ಅದೇ ಮದುವೆಗೆ ತಮ್ಮ ಡೀಸೆಲ್ ಕಾರಿನಲ್ಲಿ ಬಂದಿದ್ದರು. ಅವರ ಕಾರೂ ತುಂಬಿತ್ತು. ಹೆಬ್ರಿಯಲ್ಲಿ ಟೀ ಕುಡಿಯುವಾಗ ಇಬ್ಬರಿಗೂ ಕಾರಿನ ಮಾತು ಬಂತು. ಭಾವ ಖುಷಿಯಿಂದ ಹೇಳಿದರು, "ನಿಮ್ಮದಕ್ಕಿಂತ ನಮ್ಮದು ಹತ್ತು ಕುದುರೆ ಜಾಸ್ತಿ ಕಣ್ರೀ. ಆಗುಂಬೆ ಮೇಲೆ ಕಾಯ್ತಾ ಇರ್ತೀವಿ."

ಸೋಮೇಶ್ವರ ದಾಟಿತು. ಘಾಟಿ ಶುರುವಾಯಿತು. ಆಗುಂಬೆಯದು 14 ಹೇರ್‌ಪಿನ್ ತಿರುವು, ಒಂದಕ್ಕಿಂತ ಒಂದು ಕಡಿದು. ಭಾವ ಮೂರನೇ ಗೇರಿನಲ್ಲಿದ್ದರು. ಕಾರು ಮೊದಲ ತಿರುವು ಹತ್ತಿತು. ಎರಡನೆಯದರಲ್ಲಿ ಉಸಿರು ಕಟ್ಟಿದಂತಾಯಿತು. ನಾನು ಆರ್‌ಪಿಎಂ ಮೀಟರ್ ನೋಡಿದೆ. ಮುಳ್ಳು 1,500ರ ಹತ್ತಿರ. ಭಾವನ ಬಲಗಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಿದೆ. ಗೇರ್ ಲಿವರ್ ಮೇಲೆ ಕೈ ಇಟ್ಟೆ, ಗಡಗಡ ನಡುಗುತ್ತಿತ್ತು.

"ಭಾವ, ಎರಡನೇ ಗೇರಿಗೆ ಬನ್ನಿ."

"ಬೇಡ ಮಾರಾಯ. ಎಂಜಿನ್ ಅರಚುತ್ತೆ. ಪೆಟ್ರೋಲ್ ಕುಡಿಯುತ್ತೆ."

ಅಷ್ಟರಲ್ಲಿ ಹಿಂದಿನಿಂದ ಹಾರ್ನ್. ಡೀಸೆಲ್ ಕಾರಿನವರು. ರಸ್ತೆ ಸ್ವಲ್ಪ ಅಗಲವಾದ ಕಡೆ ನಮ್ಮನ್ನು ದಾಟಿ ಹೋದರು. ಅವರ ಎಂಜಿನ್ನಿಗೆ ಸದ್ದೇ ಇಲ್ಲ, ಸಂತೆಗೆ ನಡೆದು ಹೋಗುವವರ ಹಾಗೆ ಆರಾಮಾಗಿ ಹತ್ತಿದರು. ನಮ್ಮ ಕಾರು ಮುಂದಿನ ತಿರುವಿನ ನಡುಮಧ್ಯೆ ಒಮ್ಮೆ ಕುಲುಕಿ ಆಫ್ ಆಯಿತು. ಹಿಂದಕ್ಕೆ ಒಂದು ಗೇಣು ಜಾರಿತು. ಅಕ್ಕ "ಅಯ್ಯೋ ತಮ್ಮಾ!" ಅಂತ ಕೂಗಿದಳು. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ತಡೆಗೋಡೆ ಮೇಲೆ ಕೂತಿದ್ದ ಎರಡು ಮಂಗ ನಮ್ಮನ್ನೇ ನೋಡುತ್ತಿದ್ದವು.

ಭಾವನ ಮುಖದಲ್ಲಿ ಬೆವರು. ಮೆಲ್ಲಗೆ ಕೇಳಿದರು, "ಆ ಹತ್ತು ಕುದುರೆ ಎಲ್ಲಿ ಹೋದವೋ?"

ಎಲ್ಲೂ ಹೋಗಿರಲಿಲ್ಲ. ಆ ಕುದುರೆಗಳು ಇದ್ದದ್ದು 6,000 ಸುತ್ತಿನಲ್ಲಿ. ಭಾವ ಅವನ್ನು 1,500ರಲ್ಲಿ ಹುಡುಕುತ್ತಿದ್ದರು.

ಇದನ್ನು ಅಂಕಿಯಲ್ಲಿ ನೋಡೋಣ. ಎಲ್ಲರಿಗೂ ಗೊತ್ತಿರುವ ಸ್ವಿಫ್ಟ್ ಕಾರನ್ನೇ ತಗೊಳ್ಳಿ. 2020ಕ್ಕಿಂತ ಮುಂಚೆ ಅದು ಪೆಟ್ರೋಲ್, ಡೀಸೆಲ್ ಎರಡರಲ್ಲೂ ಬರುತ್ತಿತ್ತು. ಪೆಟ್ರೋಲ್ ಎಂಜಿನ್ನಿಗೆ ಸುಮಾರು 84 ಹಾರ್ಸ್‌ಪವರ್, 6,000 ಸುತ್ತಿಗೆ. ಟಾರ್ಕ್ 115, 4,000 ಸುತ್ತಿಗೆ. ಡೀಸೆಲ್‌ಗೆ 75 ಹಾರ್ಸ್‌ಪವರ್, 4,000 ಸುತ್ತಿಗೆ. ಟಾರ್ಕ್ 190, ಬರೀ 2,000 ಸುತ್ತಿಗೆ.

ಎರಡೂ ಎಂಜಿನ್ 2,000 ಸುತ್ತಿನಲ್ಲಿವೆ ಅಂತ ಇಟ್ಟುಕೊಳ್ಳಿ. ಡೀಸೆಲ್‌ಗೆ 190ನ್ನು 2,000ದಿಂದ ಗುಣಿಸಿ, 7,000ದಿಂದ ಭಾಗಿಸಿ. 54 ಹಾರ್ಸ್‌ಪವರ್. ಪೆಟ್ರೋಲ್ ಆ ಸುತ್ತಿನಲ್ಲಿ ತನ್ನ 115ನ್ನೂ ಪೂರ್ತಿ ಕೊಟ್ಟಿತು ಅಂತ ಉದಾರವಾಗಿ ಒಪ್ಪಿಕೊಂಡರೂ 33. ಪುಸ್ತಕದಲ್ಲಿ ಪೆಟ್ರೋಲ್ ಕಾರು ಮುಂದೆ. ಆಗುಂಬೆಯ ತಿರುವಿನಲ್ಲಿ, ಆ ಸುತ್ತಿನಲ್ಲಿ, ಡೀಸೆಲ್ ಕಾರು 20 ಕುದುರೆಗೂ ಜಾಸ್ತಿ ಮುಂದೆ. ಭಾವ ಹೇಳಿದ್ದು ಸುಳ್ಳಲ್ಲ. ಎಷ್ಟು ಸುತ್ತಿಗೆ ಅನ್ನುವ ಮಾತು ಮಾತ್ರ ಬಿಟ್ಟುಹೋಗಿತ್ತು.

ಈಗ ಅದೇ ಪೆಟ್ರೋಲ್ ಎಂಜಿನ್ನನ್ನು 4,000ಕ್ಕೆ ತನ್ನಿ. 115, ಗುಣಿಸು 4,000, ಭಾಗಿಸು 7,000. ಹತ್ತಿರ ಹತ್ತಿರ 66! ಅದೇ ಎಂಜಿನ್, ಅದೇ ರಸ್ತೆ, ಅದೇ ಹಲಸಿನಕಾಯಿ. ಶಕ್ತಿ ಎರಡು ಪಟ್ಟು. ಅವತ್ತು ನಾವು ಮಾಡಿದ್ದೂ ಇದನ್ನೇ. ಮೊದಲನೇ ಗೇರಿನಲ್ಲಿ ಎತ್ತಿ, ಎರಡಕ್ಕೆ ಹಾಕಿ, ಮುಳ್ಳನ್ನು 3,000ದಿಂದ ಕೆಳಗೆ ಬಿಡದೆ ಹತ್ತಿಸಿದೆವು. ಎಂಜಿನ್ ಜೋರಾಗಿ ಹಾಡಿತು, ಅರಚಲಿಲ್ಲ. ಉಳಿದ ತಿರುವುಗಳು ಹೇಗೆ ಬಂದವು, ಹೇಗೆ ಹೋದವು ಗೊತ್ತಾಗಲಿಲ್ಲ. ಮೇಲೆ ಸೂರ್ಯಾಸ್ತದ ಕಟ್ಟೆಯ ಹತ್ತಿರ ಡೀಸೆಲ್ ಕಾರಿನವರು ನಮಗಾಗಿ ಕಾಯುತ್ತಿದ್ದರು.

"ಎಂಜಿನ್ ಅರಚುತ್ತೆ" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಎಷ್ಟು ಸಲ ಹೇಳಿದರೂ ಜನ ಇದನ್ನೇ ಹಿಡಿದುಕೊಂಡಿದ್ದಾರೆ. ಮೀಟರಿನಲ್ಲಿ ಕೆಂಪು ಗೆರೆ ಎಳೆದಿರುತ್ತಾರೆ. ಅದಕ್ಕಿಂತ ಕೆಳಗೆ ಇರುವಷ್ಟೂ ಜಾಗ ನಿಮ್ಮದೇ. ಎಂಜಿನ್ನಿಗೆ ನೋವಾಗುವುದು ಕಡಿಮೆ ಸುತ್ತಿನಲ್ಲಿ ಭಾರ ಹೇರಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಗಡಗಡ ಅನ್ನಿಸಿದಾಗ.

ಗೇರಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಗೇರು ಅಂದರೆ ಕೊಡು-ಕೊಳ್ಳುವ ವ್ಯಾಪಾರ. ಸುತ್ತು ಕೊಟ್ಟು ಟಾರ್ಕ್ ತಗೊಳ್ಳುವುದು. ಚಿಕ್ಕ ಕಾರಿನ ಮೊದಲನೇ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದರೆ ಚಕ್ರ ಹೆಚ್ಚುಕಡಿಮೆ ಒಂದು ಸುತ್ತು ತಿರುಗುತ್ತದೆ. ಬದಲಿಗೆ ಚಕ್ರಕ್ಕೆ ಸುಮಾರು 14 ಪಟ್ಟು ಟಾರ್ಕ್ ಸಿಗುತ್ತದೆ. ಆದರೆ ಯಾವ ಗೇರೂ ಹಾರ್ಸ್‌ಪವರನ್ನು ಒಂದು ಚೂರೂ ಹೆಚ್ಚಿಸಲಾರದು. ಅದು ಎಂಜಿನ್ನಿನಿಂದಲೇ ಬರಬೇಕು, ಅದಕ್ಕೆ ಸುತ್ತು ಬೇಕು.

ಡೀಸೆಲ್‌ಗೆ ಕಡಿಮೆ ಸುತ್ತಿನಲ್ಲೇ ಅಷ್ಟು ಟಾರ್ಕ್ ಹೇಗೆ ಬರುತ್ತದೆ? ಬಹುಪಾಲು ಟರ್ಬೊದಿಂದ. ಅದು ಸಿಲಿಂಡರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ಗಾಳಿಯನ್ನು ಒತ್ತಿ ತುಂಬುತ್ತದೆ, ಗಾಳಿ ಹೆಚ್ಚಿದ್ದರೆ ಇಂಧನ ಹೆಚ್ಚು ಉರಿದು ಪಿಸ್ಟನ್ನನ್ನು ಜೋರಾಗಿ ತಳ್ಳುತ್ತದೆ. ಆದರೆ ಡೀಸೆಲ್ ಎಂಜಿನ್ ಬಹಳ ಜೋರಾಗಿ ತಿರುಗಲಾರದು, ಆದ್ದರಿಂದ ಅದರ ಹಾರ್ಸ್‌ಪವರ್ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ಈಗ ಪೆಟ್ರೋಲ್ ಕಾರುಗಳಿಗೂ ಟರ್ಬೊ ಬಂದಿದೆ. ಅವುಗಳ ಪುಸ್ತಕ ತೆಗೆದು ನೋಡಿ, ಟಾರ್ಕಿನ ಮುಂದೆ ಒಂದೇ ಆರ್‌ಪಿಎಂ ಇರದೆ ಇಷ್ಟರಿಂದ ಇಷ್ಟರವರೆಗೆ ಅಂತ ಇರುತ್ತದೆ. ಆ ಹರವು ಅಗಲ ಇದ್ದಷ್ಟೂ ಘಾಟಿಯಲ್ಲಿ ಗೇರಿನ ಮೇಲೆ ಕೈ ಇಡುವುದು ಕಡಿಮೆ.

ಬೈಕಿನ ಹುಡುಗರೂ ಕೇಳುತ್ತಿರುತ್ತೀರಿ. ರಾಯಲ್ ಎನ್‌ಫೀಲ್ಡ್‌ನ ಹೊಸ 350 ಎಂಜಿನ್ನಿಗೆ 20 ಹಾರ್ಸ್‌ಪವರ್, ಟಾರ್ಕ್ 27, ಅದೂ 4,000 ಸುತ್ತಿಗೆ. ಯಮಾಹಾ ಆರ್15ಕ್ಕೆ 18 ಹಾರ್ಸ್‌ಪವರ್, ಟಾರ್ಕ್ 14, ಅದು 7,500 ಸುತ್ತಿಗೆ. ಯಾವುದು ದೊಡ್ಡದು ಅಂತ ಕ್ಯಾಂಟೀನಿನಲ್ಲಿ ಜಗಳ ಆಡಬೇಡಿ. ಒಂದು ನಿಧಾನ ತಿರುಗಿ ಎಳೆಯುತ್ತದೆ, ಇನ್ನೊಂದು ಬೇಗ ತಿರುಗಿ ಓಡುತ್ತದೆ.

ಇನ್ನು ಕರೆಂಟಿನ ಕಾರು. ಮೋಟಾರು ನಿಂತಲ್ಲಿಂದಲೇ, ಸೊನ್ನೆ ಸುತ್ತಿನಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಹೆಚ್ಚಿನವಕ್ಕೆ ಒಂದೇ ಗೇರು. ಅವತ್ತು ಭಾವನ ಹತ್ತಿರ ಅಂಥದ್ದು ಇದ್ದಿದ್ದರೆ ಅಕ್ಕ ನಿದ್ದೆಯಿಂದ ಏಳುತ್ತಲೇ ಇರಲಿಲ್ಲ. ಇದರ ಬಗ್ಗೆ ಹೇಳಲು ಬಹಳ ಇದೆ. ಸಮಯ ಇಲ್ಲ.

ಷೋರೂಮಿಗೆ ಹೋದಾಗ "ಪಿಕಪ್ ಹೇಗಿದೆ, ಪುಲ್ಲಿಂಗ್ ಹೇಗಿದೆ" ಅಂತ ಕೇಳುತ್ತೀರಲ್ಲ, "ಸೂಪರ್ ಸಾರ್" ಅನ್ನುತ್ತಾರೆ. ಅದರ ಬದಲು ಟಾರ್ಕ್ ಎಷ್ಟು ಸುತ್ತಿಗೆ ಅಂತ ಕೇಳಿ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಏರು ರಸ್ತೆ ಹುಡುಕಿ. ಆಗ ಮುಳ್ಳು ಎಲ್ಲಿದೆ ಅಂತ ನೋಡಿ.

ಕೊನೆಯದಾಗಿ ಘಾಟಿ ಇಳಿಯುವವರಿಗೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಸುತ್ತಿನಲ್ಲಿರುವ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರು ಇನ್ನೂ ಇದ್ದಾರೆ. ಕೈಮುಗಿದು ಕೇಳಿಕೊಳ್ಳುತ್ತೇನೆ, ಹಾಗೆ ಮಾಡಬೇಡಿ. ಭಾವ ಈಗ ತಿಂಗಳಿಗೊಮ್ಮೆ ಉಡುಪಿಗೆ ಹೋಗಿ ಬರುತ್ತಾರೆ, ಅದೇ ಕಾರಿನಲ್ಲಿ. ಆಗುಂಬೆ ಹತ್ತಿದ ಮೇಲೆ ನಿಲ್ಲಿಸಿ ಫೋನ್ ಮಾಡುತ್ತಾರೆ. "ಇವತ್ತು 3,500 ಬಿಟ್ಟು ಕೆಳಗೆ ಇಳೀಲಿಲ್ಲ ಕಣೋ" ಅನ್ನುತ್ತಾರೆ.

ನಮಸ್ಕಾರ.