ಯಜಮಾನ ಯಾರು ಅಂತ ಬರೀರಿ, ಆಮೇಲೆ ಕನೆಕ್ಟ್ ಒತ್ತಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಂದು ಕಮೆಂಟು ಬಂದಿದೆ. "ಇಮೇಲ್ ಟೂಲನ್ನ ಸಿಆರ್‌ಎಂಗೆ ಜೋಡಿಸೋಕೆ ಪ್ಲಾನ್ ಯಾಕೆ ಸಾರ್? ಕನೆಕ್ಟ್ ಅಂತ ಬಟನ್ ಇದೆಯಲ್ಲ, ಎರಡು ನಿಮಿಷದ ಕೆಲಸ." ಇದಕ್ಕೆ ಲೈಕುಗಳು ಬೇರೆ! (ಸಿಆರ್‌ಎಂ ಅಂದ್ರೆ ಗ್ರಾಹಕರ ವಿವರ ಇಡೋ ಸಾಫ್ಟ್‌ವೇರು, ಇಮೇಲ್ ಟೂಲ್ ಅಂದ್ರೆ ಅವರಿಗೆಲ್ಲ ಮೇಲ್ ಕಳಿಸೋದು.)

ಒತ್ತೋಕೆ ಎರಡು ನಿಮಿಷ, ಒಪ್ಪಿದೆ. ಕಲಸಿಹೋದ ಡೇಟಾ ಬಿಡಿಸೋಕೆ ಎಷ್ಟು ನಿಮಿಷ, ಅದನ್ನೂ ಹೇಳಬೇಕಿತ್ತು ಆ ಮಹಾಶಯರು.

ನಾನು ಹೇಳೋದು ಒಂದೇ ಮಾತು. ಪ್ರತಿ ಫೀಲ್ಡಿಗೂ, ಅಂದ್ರೆ ಗ್ರಾಹಕನ ಒಂದೊಂದು ಮಾಹಿತಿಗೂ, ಒಬ್ಬನೇ ಯಜಮಾನ ಇರಬೇಕು, ಅದನ್ನ ಬರೆಯೋ ಹಕ್ಕು ಒಂದೇ ಸಾಫ್ಟ್‌ವೇರಿಗೆ. ಹೆಸರು, ಫೋನ್ ನಂಬರು ಸಿಆರ್‌ಎಂದು. ಕೊನೆ ಆರ್ಡರ್ ಯಾವತ್ತು, ಒಟ್ಟು ಎಷ್ಟರ ಖರೀದಿ ಅನ್ನೋದು ಆನ್‌ಲೈನ್ ಸ್ಟೋರಿಂದು. ಕೊಡಬೇಕಾದ ಬಾಕಿ ಹಣ ಎಷ್ಟು ಅನ್ನೋದು ಬಿಲ್ಲಿಂಗಿಂದು. ಅನ್‌ಸಬ್‌ಸ್ಕ್ರೈಬ್, ಬೌನ್ಸ್ (ತಲುಪದೆ ವಾಪಸ್ ಬಂದ ಮೇಲು) ಇವೆರಡೂ ಇಮೇಲ್ ಟೂಲಿಂದು. ಮಿಕ್ಕವರು ಓದಬಹುದು, ಬರೆಯೋ ಹಾಗಿಲ್ಲ. ಒಂದು ಶೀಟು ತೆಗೀರಿ, ನಾಲ್ಕು ಕಾಲಂ ಹಾಕಿ: ಫೀಲ್ಡು, ಯಜಮಾನ, ಯಾವ ಕಡೆಯಿಂದ ಯಾವ ಕಡೆಗೆ, ಖಾಲಿ ಬಂದರೆ ಏನು. ಈ ನಾಲ್ಕನೇ ಕಾಲಂ ಯಾರೂ ಬರೆಯೋಲ್ಲ. ಆಮೇಲೆ ಒಂದು ಕಡೆ ಖಾಲಿ ಇರೋ ಹೆಸರು ಇನ್ನೊಂದು ಕಡೆ ತುಂಬಿರೋ ಹೆಸರನ್ನ ಒರೆಸಿಹಾಕುತ್ತೆ. ಇಮೇಲಲ್ಲಿ "ಪ್ರಿಯ , ನಮಸ್ಕಾರ" ಅಂತ ಹೋಗುತ್ತೆ. ಯಾರಿಗೆ ನಮಸ್ಕಾರ? ಅಲ್ಪವಿರಾಮಕ್ಕೆ!

"ಎರಡೂ ಕಡೆ ಸಿಂಕ್ ಇಟ್ರೆ ಎಲ್ಲಾ ಕಡೆ ಒಂದೇ ಡೇಟಾ ಇರುತ್ತಲ್ಲ?" ಇದು ಇನ್ನೊಬ್ಬರ ವಾದ. ಸಿಂಕ್ ಅಂದ್ರೆ ಒಂದು ಕಡೆಯ ಡೇಟಾ ಇನ್ನೊಂದು ಕಡೆಗೆ ತಾನಾಗೇ ಹೋಗೋದು. ಸರಿ, ನೋಡೋಣ. ಸೋಮವಾರ ಒಬ್ಬ ಗ್ರಾಹಕ ಅನ್‌ಸಬ್‌ಸ್ಕ್ರೈಬ್ ಮಾಡ್ತಾನೆ. ಇಮೇಲ್ ಟೂಲಲ್ಲಿ "ಬೇಡ" ಅಂತ ಬಿತ್ತು. ಸಿಆರ್‌ಎಂನಲ್ಲಿ ಇನ್ನೂ "ಒಪ್ಪಿಗೆ: ಹೌದು" ಅಂತಲೇ ಇದೆ. ಸಂಜೆ ಸೇಲ್ಸ್‌ನವರು ಅವನ ಫೋನ್ ನಂಬರು ತಿದ್ದುತ್ತಾರೆ, ಪಾಪ, ಒಳ್ಳೇ ಕೆಲಸವೇ. ರಾತ್ರಿ ಸಿಂಕ್ ಬರೀ ನಂಬರು ಕಳಿಸೋಲ್ಲ, ಇಡೀ ರೆಕಾರ್ಡ್ ಕಳಿಸುತ್ತೆ. "ಹೌದು" ಗೆದ್ದಿತು, ಯಾಕಂದ್ರೆ ಕೊನೆಗೆ ಬರೆದಿದ್ದು ಅದೇ. ಬುಧವಾರ ಅವನಿಗೆ ಮತ್ತೆ ಆಫರ್ ಮೇಲು. ಈ ಸಲ ಅನ್‌ಸಬ್‌ಸ್ಕ್ರೈಬ್ ಹುಡುಕೋಲ್ಲ, ನೇರ ಸ್ಪ್ಯಾಮ್ ಒತ್ತುತ್ತಾನೆ.

ಒಬ್ಬ ಒತ್ತಿದ್ರೆ ಏನಾಗುತ್ತೆ ಅಂತೀರಾ? ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲನ್ನ ಜಿಮೇಲ್ ಖಾತೆಗಳಿಗೆ ಕಳಿಸೋರಿಗೆ 2024ರ ಫೆಬ್ರವರಿಯಿಂದ ಹೊಸ ನಿಯಮ ಬಂದಿದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲು ನಿಜವಾಗ್ಲೂ ನಿಮ್ಮ ಡೊಮೈನಿಂದಲೇ ಬಂತಾ ಅಂತ ಪರೀಕ್ಷಿಸೋ ವ್ಯವಸ್ಥೆಗಳು) ಮೂರೂ ಬೇಕು, ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಬೇಕು, ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು. ಇನ್‌ಬಾಕ್ಸ್ ಸೇರಿದ 5,000ದಲ್ಲಿ ಅದು 15 ಜನ. ಬರೀ 15! ನಿಮ್ಮ ರಾತ್ರಿ ಸಿಂಕ್ ಅಷ್ಟು ಜನರನ್ನ ಒಂದೇ ಸಲಕ್ಕೆ ವಾಪಸ್ ಕರೆತರುತ್ತೆ.

ಅಂದಹಾಗೆ ಈ ಚಾನೆಲ್‌ನ ಸಬ್‌ಸ್ಕ್ರೈಬ್ ಮಾಡಿ. ಬೇಡ ಅನಿಸಿದ್ರೆ ತೆಗೀರಿ, ರಾತ್ರೋರಾತ್ರಿ ನಿಮ್ಮನ್ನ ನಾನು ಸಿಂಕ್ ಮಾಡೋಲ್ಲ.

ಎಸ್‌ಪಿಎಫ್ ಅಂದೆನಲ್ಲ, ಹೊಸ ಟೂಲ್ ಜೋಡಿಸುವಾಗ ಡಿಎನ್‌ಎಸ್‌ನಲ್ಲಿ ಎರಡನೇ ಎಸ್‌ಪಿಎಫ್ ಸಾಲು ಸೇರಿಸಬೇಡಿ. ಡಿಎನ್‌ಎಸ್ ಅಂದ್ರೆ ಡೊಮೈನಿನ ದಾಖಲೆ ಪುಸ್ತಕ, ನಿಮ್ಮ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅಂತ ಅದರಲ್ಲಿ ಹೇಳೋದು ಈ ಸಾಲು. ಒಂದು ಡೊಮೈನಿಗೆ ಒಂದೇ ಸಾಲು. ಎರಡಾದ್ರೆ ಎರಡೂ ಕೆಲಸಕ್ಕೆ ಬಾರವು. ಇರೋ ಸಾಲಿನೊಳಗೇ ಸೇರಿಸಿ, ಡಿಎನ್‌ಎಸ್ ಹುಡುಕಾಟ (ಆ ಸಾಲು ಪರೀಕ್ಷಿಸೋಕೆ ಬೇರೆ ದಾಖಲೆ ನೋಡೋದು) ಒಟ್ಟು 10 ದಾಟಬಾರದು. ನೋಡಿ, ಅಲ್ಲೂ ಯಜಮಾನ ಒಬ್ಬನೇ!

ಗ್ರಾಹಕನ ಗುರುತಿಗೆ ಇಮೇಲ್ ವಿಳಾಸ ಬಳಸಬೇಡಿ. ವಿಳಾಸ ಬದಲಾಯಿಸಿದ ದಿನ ಅವನು ಇಬ್ಬರಾಗ್ತಾನೆ, ಹಳೆಯವನು ಬೇಡ ಅಂದಿದ್ದು ಹೊಸಬನಿಗೆ ಅನ್ವಯಿಸೋಲ್ಲ. ಸಿಆರ್‌ಎಂನ ಕಸ್ಟಮರ್ ಐಡಿ ಇದೆಯಲ್ಲ, ಅದನ್ನೇ ಎಲ್ಲಾ ಕಡೆ ಒಯ್ಯಿರಿ. ಇನ್ನು ಕಾರ್ಟಲ್ಲಿ ಬಿಟ್ಟುಹೋದ ಸಾಮಾನಿನ ಮೇಲು. ಆರ್ಡರ್ ಡೇಟಾ 15 ನಿಮಿಷಕ್ಕೊಮ್ಮೆ ಬರುತ್ತೆ, ನೀವು 10 ನಿಮಿಷಕ್ಕೆ ಮೇಲ್ ಇಟ್ಟಿದ್ದೀರಿ. ದುಡ್ಡು ಕೊಟ್ಟು ಕೊಂಡವನಿಗೇ "ಏನೋ ಮರೆತಿರಾ?" ಅಂತ ಕೇಳ್ತೀರಿ. ಕಾಯೋ ಹೊತ್ತು ಸಿಂಕಿನ ಅಂತರಕ್ಕಿಂತ ಜಾಸ್ತಿ ಇರಲಿ, ಕಳಿಸೋ ಕ್ಷಣದಲ್ಲಿ ಆರ್ಡರಿನ ಯಜಮಾನನನ್ನ ಇನ್ನೊಮ್ಮೆ ಕೇಳಲಿ. ವೆಬ್‌ಹುಕ್ (ಏನಾದ್ರೂ ಆದ ಕೂಡಲೇ ತಾನಾಗೇ ಸುದ್ದಿ ಕಳಿಸೋ ವ್ಯವಸ್ಥೆ) ಆದ್ರೆ ಅದೇ ಸುದ್ದಿ ಎರಡು ಸಲ ಬರಬಹುದು, ಸುದ್ದಿಯ ಗುರುತಿನ ನಂಬರು, ಅಂದ್ರೆ ಈವೆಂಟ್ ಐಡಿ, ಬರೆದಿಟ್ಟುಕೊಂಡು ಎರಡನೇದನ್ನ ಬಿಸಾಕಿ.

ಮೊದಲ ಸಿಂಕಿಗೆ ಇಡೀ ಪಟ್ಟಿ ತಳ್ಳಬೇಡಿ. ಇಪ್ಪತ್ತು ಟೆಸ್ಟ್ ರೆಕಾರ್ಡ್ ಸಾಕು. ಅದರಲ್ಲಿ ಅನ್‌ಸಬ್‌ಸ್ಕ್ರೈಬ್ ಆದವನೊಬ್ಬ, ಬೌನ್ಸ್ ಆದವನೊಬ್ಬ, ಹೆಸರಿಲ್ಲದವನೊಬ್ಬ, ಕನ್ನಡ ಅಕ್ಷರದಲ್ಲಿ ಹೆಸರಿರೋನೊಬ್ಬ ಇರಲಿ. ಅವನ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿ ಬಂದ್ರೆ ಎನ್‌ಕೋಡಿಂಗ್ (ಅಕ್ಷರಗಳನ್ನ ಕಂಪ್ಯೂಟರ್ ಉಳಿಸಿಡೋ ರೀತಿ) ಕೆಟ್ಟಿದೆ ಅಂತ ಅಲ್ಲೇ ಗೊತ್ತಾಗುತ್ತೆ.

"ಎಐ ಇದೆ ಸಾರ್, ಮ್ಯಾಪಿಂಗ್ ಅದೇ ಮಾಡುತ್ತೆ." ಮಾಡಲಿ! ಇದರ ಹೆಸರು ಅಲ್ಲಿಗೆ, ಅದರ ಫೋನ್ ಇಲ್ಲಿಗೆ, ಚೆನ್ನಾಗೇ ಮಾಡಲಿ. ಜಗಳ ಬಂದಾಗ ಯಾರ ಮಾತು ನಡೀಬೇಕು ಅಂತ ಅದಕ್ಕೆ ಹೇಳೋರು ಯಾರು? "ನಮ್ಮದು ಚಿಕ್ಕ ಕಂಪನಿ ಸಾರ್." ಚಿಕ್ಕದಾದ್ರೆ ಶೀಟೂ ಚಿಕ್ಕದು, ಬರೀರಿ! "ಟೈಮ್ ಇಲ್ಲ ಸಾರ್." ಕಮೆಂಟ್ ಹಾಕೋಕೆ ಇತ್ತಲ್ಲ! ಯಜಮಾನ ಯಾರು? ಅಷ್ಟೇ ಕೇಳ್ತಿರೋದು. ಯಾರು?

ಮುಂದಿನ ಕಂತಲ್ಲಿ ಬೌನ್ಸ್ ಕೋಡ್, ಅಂದ್ರೆ ಮೇಲು ತಲುಪದಿದ್ದಾಗ ಬರೋ ನಂಬರು. 550 ಬಂದ್ರೆ ಏನು ಮಾಡಬೇಕು, 421 ಬಂದ್ರೆ ಎಷ್ಟು ಕಾಯಬೇಕು ನೋಡೋಣ. ಬೆಲ್ ಒತ್ತಿ. ಬೈಯೋರು ನಾಲ್ಕು ಕಾಲಮ್ಮಿನ ಶೀಟು ತುಂಬಿಸ್ಕೊಂಡು ಬಂದು ಬೈಯಿರಿ.