ಕ್ಯಾಲ್ಸಿಯಂ ತುಸು ಕಡಿಮೆಯೇ ಇರಲಿ

ಕೇಳುಗರಿಗೆ ನಮಸ್ಕಾರ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ ತುಟಿಯ ಸುತ್ತ ಜುಮುಜುಮು ಎನ್ನುತ್ತಿದ್ದರೆ, ಬೆರಳ ತುದಿಗಳು ಜೋಮು ಹಿಡಿದರೆ, ನಿಶ್ಶಕ್ತಿ ಎಂದು ಸುಮ್ಮನಿರಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು.

ಥೈರಾಯ್ಡ್‌ನ ಹಿಂಬದಿಗೆ ಅಂಟಿಕೊಂಡು ಅಕ್ಕಿಕಾಳಿನ ಗಾತ್ರದ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಹೆಚ್ಚಿನವರಲ್ಲಿ ನಾಲ್ಕು. ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್ 1880ರಲ್ಲಿ ಮನುಷ್ಯ ದೇಹದಲ್ಲಿ ಇವನ್ನು ವಿವರಿಸಿದರು. ಇವುಗಳ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಅದು ಪೋಲಾಗದಂತೆ ತಡೆಯುತ್ತದೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರಲು ಮೂತ್ರಪಿಂಡವನ್ನು ಪ್ರಚೋದಿಸುತ್ತದೆ. ಈ ಹಾರ್ಮೋನು ಸಾಲದಾಗುವುದೇ ಪ್ಯಾರಾಥೈರಾಯ್ಡ್ ಕೊರತೆ. ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಗಳಿಗೆ ಪೆಟ್ಟಾಗುವುದೇ ಇದರ ಮುಖ್ಯ ಕಾರಣ. ಅನೇಕರಲ್ಲಿ ಅವು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಸ್ವಯಂನಿರೋಧಕ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗದ ಮೇಲೆ ಎರಗುವುದು), ವಂಶವಾಹಿ ದೋಷ, ಮೆಗ್ನೀಸಿಯಂ ಕೊರತೆಯಿಂದಲೂ ಹೀಗಾಗುತ್ತದೆ. ಮೆಗ್ನೀಸಿಯಂ ಸರಿಪಡಿಸದೆ ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಏರುವುದಿಲ್ಲ. ಮೆಗ್ನೀಸಿಯಂ ಪರೀಕ್ಷೆಯನ್ನೇ ಮರೆಯುವುದುಂಟು.

ಚಿಕಿತ್ಸೆಯೆಂದರೆ ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಕ್ಯಾಲ್ಸಿಟ್ರಿಯಾಲ್‌ನಂಥ ಸಕ್ರಿಯ ವಿಟಮಿನ್ ಡಿ. ಹಾರ್ಮೋನು ಇಲ್ಲದಿರುವಾಗ ಸಾಧಾರಣ ವಿಟಮಿನ್ ಡಿ ಒಂದೇ ಸಾಲದು. ಕ್ಯಾಲ್ಸಿಯಂ ಕಾರ್ಬೊನೇಟನ್ನು ಊಟದೊಂದಿಗೆ ತೆಗೆದುಕೊಳ್ಳಬೇಕು, ಏಕೆಂದರೆ ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಆಮ್ಲ ತಗ್ಗಿಸುವ ಗುಳಿಗೆ ನುಂಗುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ 4 ಗಂಟೆಯಾದರೂ ಅಂತರವಿರಲಿ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ವರದಿಯಲ್ಲಿ ಕ್ಯಾಲ್ಸಿಯಂ ಕೆಳ ಅಂಚಿನಲ್ಲಿದೆ ಎಂದು ನೀವಾಗಿಯೇ ಮಾತ್ರೆ ಹೆಚ್ಚಿಸಬೇಡಿ. ವೈದ್ಯರು ಬೇಕೆಂದೇ ಅದನ್ನು ಸಾಮಾನ್ಯ ಮಟ್ಟದ ಕೆಳ ಅಂಚಿನಲ್ಲೋ ಅದಕ್ಕಿಂತ ತುಸು ಕೆಳಗೋ ನಿಲ್ಲಿಸುತ್ತಾರೆ. ಮೂತ್ರದಲ್ಲಿ ಪೋಲಾಗುವುದನ್ನು ತಡೆಯುವ ಹಾರ್ಮೋನೇ ಇಲ್ಲವಲ್ಲ! ರಕ್ತದ ಅಂಕಿ ಚೆಂದ ಕಾಣುವಂತೆ ಮಾಡಲು ಹೊರಟರೆ ಹೆಚ್ಚುವರಿ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಹರಿದು ಕಲ್ಲು ಕಟ್ಟುತ್ತದೆ, ವರ್ಷಗಳು ಕಳೆದಂತೆ ಮೂತ್ರಪಿಂಡವೇ ಸೊರಗುತ್ತದೆ. ಆದ್ದರಿಂದ ರಕ್ತದ ಜೊತೆಗೆ 24 ಗಂಟೆಯ ಮೂತ್ರವನ್ನೂ ಆಗಾಗ ಪರೀಕ್ಷಿಸಬೇಕು. ಮೂತ್ರದಲ್ಲಿ ಕ್ಯಾಲ್ಸಿಯಂ ಸೋರಿಕೆ ಹೆಚ್ಚಿದ್ದರೆ ಅದನ್ನು ತಗ್ಗಿಸುವ ಥಯಜೈಡ್ ಗುಂಪಿನ ಮಾತ್ರೆ ನೆರವಾಗುತ್ತದೆ. ಕೊರತೆಯಾದ ಹಾರ್ಮೋನಿಗೇ ಬದಲಿಯಾಗಿ ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಕ್ಕೆ ಯುರೋಪಿನಲ್ಲಿ 2023ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಅನುಮತಿ ದೊರೆತಿದೆ. ಮಾತ್ರೆಗಳಿಂದ ಹತೋಟಿಗೆ ಬಾರದವರಿಗೆ ಇದು ದೊಡ್ಡ ಆಸರೆ.

ವಾಂತಿ ಭೇದಿಯಾದಾಗ ಮಾತ್ರೆ ಒಳಗೆ ನಿಲ್ಲದೆ ಕ್ಯಾಲ್ಸಿಯಂ ದಿಢೀರನೆ ಕುಸಿಯಬಹುದು. ಕೈಬೆರಳು ಸೆಟೆದುಕೊಂಡರೆ, ಗಂಟಲು ಬಿಗಿದರೆ, ಎದೆಬಡಿತ ತಪ್ಪಿದರೆ, ಫಿಟ್ಸ್ ಬಂದರೆ ಮನೆಮದ್ದು ಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ, ಪ್ಯಾರಾಥೈರಾಯ್ಡ್ ಕೊರತೆಯಿದೆ ಎಂದು ಮೊದಲೇ ತಿಳಿಸಿ. ಅಲ್ಲಿ ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ನಮಸ್ಕಾರ.