ಮಣ್ಣು ಪರೀಕ್ಷೆ ಕೇಳಿಕೊಂಡು ಬರುವವರು ಯಾರು?

ಶ್ರೋತೃಗಳಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹೋಬಳಿಯಲ್ಲಿ ರೈತ ಉತ್ಪಾದಕರ ಕಂಪನಿಯೊಂದು ಸಣ್ಣದೊಂದು ಮಣ್ಣು ಪರೀಕ್ಷಾ ಘಟಕ ತೆರೆಯಲು ಹೊರಟಿತು. ತೆರೆಯುವ ಮೊದಲು ಬೇಡಿಕೆ ಎಷ್ಟಿದೆ ನೋಡಿ ಬನ್ನಿ ಎಂದು ನನ್ನನ್ನೂ ಇನ್ನಿಬ್ಬರನ್ನೂ ಊರೂರಿಗೆ ಕಳುಹಿಸಿತು. ಜಗಲಿಯ ಮೇಲೆ, ಹಾಲಿನ ಡೇರಿಯ ಮುಂದಿನ ಸಾಲಿನಲ್ಲಿ, ರಾಗಿ ಕಣದ ಬದಿಯಲ್ಲಿ ಕುಳಿತು ನಾವು ಕೇಳಿದ್ದು ಒಂದೇ ಪ್ರಶ್ನೆ: "ಮಣ್ಣು ಪರೀಕ್ಷೆ ಮಾಡಿಸುತ್ತೀರಾ?" ಕೇಳಿದವರೆಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು: "ಮಾಡಿಸುತ್ತೇವೆ ಸ್ವಾಮಿ, ಒಳ್ಳೆಯದೇ ಅಲ್ಲವೇ?" ನಾವು ಸಂತೋಷದಿಂದ ವರದಿ ಬರೆದೆವು. ಘಟಕ ತೆರೆಯಿತು. ಮೊದಲ ಮುಂಗಾರಿನಲ್ಲಿ ಮಣ್ಣು ತಂದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು.

ರೈತರು ನಮಗೆ ಸುಳ್ಳು ಹೇಳಿರಲಿಲ್ಲ. ಮನೆ ಬಾಗಿಲಿಗೆ ಬಂದವರು ಒಳ್ಳೆಯ ಮಾತು ಆಡಿದಾಗ ಬೇಡ ಎನ್ನುವುದು ನಮ್ಮ ಹಳ್ಳಿಗಳ ಪದ್ಧತಿಯಲ್ಲ. ತಪ್ಪು ನಮ್ಮ ಪ್ರಶ್ನೆಯಲ್ಲಿತ್ತು. ಒಬ್ಬ ರೈತ ಅರ್ಧ ದಿನದ ಕೆಲಸ ಬಿಟ್ಟು, ಬಸ್ಸಿಗೆ ಹಣ ಕೊಟ್ಟು, ಮಣ್ಣಿನ ಚೀಲ ಹಿಡಿದು ಬಂದು, ಕಾಗದದಲ್ಲಿ ಬರೆದದ್ದನ್ನು ನಂಬಿ ಗೊಬ್ಬರದಂಗಡಿಯಲ್ಲಿ ತಾನು ಕೇಳುವ ಚೀಲವನ್ನು ಬದಲಾಯಿಸಿದರೆ ಆಗ ಬೇಡಿಕೆ ಇದೆ ಎನ್ನಬೇಕು. ಅಲ್ಲಿಯವರೆಗೆ ಇರುವುದು ಸೌಜನ್ಯ ಮಾತ್ರ. ಇಂದು ಎಷ್ಟೋ ಕೃಷಿ ಪದವೀಧರರು, ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು ಇಂಥ ಘಟಕ ತೆರೆಯುವ ಆಸೆಯಲ್ಲಿವೆ. ಅವರು ನಮ್ಮ ದಾರಿಯಲ್ಲಿ ಎಡವಬಾರದು ಎಂಬ ಕಳಕಳಿಯಿಂದ ಈ ಮಾತುಗಳನ್ನು ಆಡುತ್ತಿದ್ದೇನೆ.

ಎರಡನೆಯ ಸುತ್ತಿನಲ್ಲಿ ನಾವು ಪ್ರಶ್ನೆಯನ್ನು ತಿರುಗಿಸಿದೆವು. "ಬೇಸಾಯದ ಸಲಹೆಗಾಗಿ ಇದುವರೆಗೆ ಯಾರಿಗಾದರೂ ಕೈಯಿಂದ ಹಣ ಕೊಟ್ಟಿದ್ದೀರಾ?" ಎಂದು ಕೇಳಿದೆವು. ತುಸು ಯೋಚಿಸಿ, ಹಲವರು ಹೇಳಿದ್ದು ಕೊಳವೆಬಾವಿಗೆ ಜಲ ತೋರಿಸುವವರ ವಿಷಯ. ತೆಂಗಿನಕಾಯಿಯನ್ನೋ ಬೇವಿನ ಕವಲುಕಡ್ಡಿಯನ್ನೋ ಹಿಡಿದು ಹೊಲದಲ್ಲಿ ನಡೆಯುವವರಿಗೆ ಗೌರವದಿಂದ ಹಣ ಕೊಟ್ಟು ಕಳುಹಿಸುತ್ತಾರೆ. ಅಂದರೆ ಸಲಹೆಗೆ ಹಣ ಕೊಡುವುದು ಸಣ್ಣ ರೈತನಿಗೆ ಹೊಸದಲ್ಲ. ಅಲ್ಲಿ ತೀರ್ಮಾನ ದೊಡ್ಡದು, ಹಾಕುವ ಬಂಡವಾಳ ದೊಡ್ಡದು, ಉತ್ತರ ನಿಂತ ಜಾಗದಲ್ಲೇ ಸಿಗುತ್ತದೆ, ಹೇಳುವವನು ರೈತನ ಸ್ವಂತ ಹೊಲದಲ್ಲೇ ನಡೆದು ಹೇಳುತ್ತಾನೆ. ಜಲ ತೋರಿಸುವುದರ ಹಿಂದೆ ವಿಜ್ಞಾನವಿಲ್ಲ. ಮಣ್ಣು ಪರೀಕ್ಷೆಗೆ ವಿಜ್ಞಾನವಿದ್ದರೂ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಸ್ವಂತ ಹೊಲ" ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆಗೆ ಚಾಲನೆ ದೊರೆಯಿತು. ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ), ಲವಣಾಂಶ, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಶಗಳನ್ನು ಅಳೆದು ಪ್ರತಿ ರೈತನಿಗೂ ಚೀಟಿ ಕೊಡುವ ಯೋಜನೆ ಅದು. ದೇಶದ ಉದ್ದಗಲಕ್ಕೂ ಮಣ್ಣು ಪರೀಕ್ಷೆ ಎಂಬ ಮಾತು ಮನೆಮಾತಾದದ್ದು ಅದರಿಂದಲೇ. ಆದರೆ ಮಾದರಿ ತೆಗೆಯುವ ಲೆಕ್ಕ ಹೇಗಿತ್ತು ನೋಡಿ. ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು. 10 ಹೆಕ್ಟೇರ್ ಎಂದರೆ ಸುಮಾರು 25 ಎಕರೆ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಯ ಆಸುಪಾಸು. ಆ 25 ಎಕರೆಯಲ್ಲಿ ಏಳೆಂಟು ಕುಟುಂಬಗಳ ಹೊಲ ಇರುತ್ತದೆ. ಒಬ್ಬರು ಕೆರೆಯ ಗೋಡು ಮಣ್ಣು ಹೊಡೆಸಿದವರು, ಇನ್ನೊಬ್ಬರು ಕುರಿ ಮಂದೆ ನಿಲ್ಲಿಸಿದವರು, ಮತ್ತೊಬ್ಬರು ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರವನ್ನೇ ನೆಚ್ಚಿಕೊಂಡವರು. ಎಲ್ಲರ ಕೈಗೂ ಒಂದೇ ಅಂಕಿಗಳ ಚೀಟಿ ಬಂದರೆ ಏನಾಗುತ್ತದೆ? ಚೀಟಿ ಟ್ರಂಕಿನೊಳಗೆ ಪಹಣಿಯ ಪಕ್ಕ ಸೇರುತ್ತದೆ. ಇಡೀ ದೇಶದ ಚಿತ್ರ ತಿಳಿಯಲು ಆ ಲೆಕ್ಕ ಸರಿ. ಒಬ್ಬ ರೈತ ಈ ವರ್ಷ ತನ್ನ ಎರಡೆಕರೆಗೆ ಏನು ಹಾಕಬೇಕು ಎಂಬ ತೀರ್ಮಾನಕ್ಕೆ ಅದು ಸಾಲದು. ಜೊತೆಗೆ, ಪುಕ್ಕಟೆ ಬಂದ ಚೀಟಿ ಇನ್ನೊಂದು ಎಣಿಕೆಯನ್ನೂ ಮನಸ್ಸಿನಲ್ಲಿ ಕೂರಿಸಿತು: ಮಣ್ಣು ಪರೀಕ್ಷೆಯ ಬೆಲೆ ಸೊನ್ನೆ. ಈಗ ಹಣ ಕೇಳಿಕೊಂಡು ಹೋಗುವವರು ಆ ಸೊನ್ನೆಯ ಎದುರು ನಿಲ್ಲಬೇಕು.

ಹಾಗಾದರೆ ಎಷ್ಟು ಬೆಲೆ ಹೊರಬಲ್ಲದು ಈ ಸೇವೆ? ಲೆಕ್ಕವನ್ನು ರೈತನ ಕಡೆಯಿಂದ ಹಾಕೋಣ. ಶುಲ್ಕ 300 ರೂಪಾಯಿ ಎಂದಿಟ್ಟುಕೊಳ್ಳಿ. ಪರೀಕ್ಷೆ ಮಾಡಿಸಿದರೆ ಯೂರಿಯಾ ಉಳಿಯುತ್ತದೆ ಎಂದು ನಾವು ಪ್ರಚಾರ ಮಾಡುತ್ತೇವೆ. 45 ಕಿಲೋ ಯೂರಿಯಾ ಚೀಲದ ಸಹಾಯಧನದ ಬೆಲೆ 266 ರೂಪಾಯಿ 50 ಪೈಸೆ. ಎಕರೆಗೆ ಅರ್ಧ ಚೀಲ ಉಳಿದರೂ ಉಳಿತಾಯ ಸುಮಾರು 133 ರೂಪಾಯಿ. ಒಂದೆರಡು ಎಕರೆಯವನಿಗೆ ಅಷ್ಟು ಉಳಿತಾಯಕ್ಕಾಗಿ ಶುಲ್ಕ, ಬಸ್ಸು, ಅರ್ಧ ದಿನದ ಕೂಲಿ ಎಲ್ಲವನ್ನೂ ಕಳೆದುಕೊಳ್ಳುವುದು ಮೂರ್ಖತನ. ಅವನು ಬರದಿದ್ದರೆ ಅದು ಅಜ್ಞಾನದಿಂದಲ್ಲ, ಸರಿಯಾದ ಲೆಕ್ಕದಿಂದ. ಆದರೆ 50 ಕಿಲೋ ಡಿಎಪಿ ಚೀಲಕ್ಕೆ 1350 ರೂಪಾಯಿ. ವರ್ಷಗಟ್ಟಲೆ ಡಿಎಪಿ ಸುರಿದ ತರಕಾರಿ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ ರಂಜಕ ಕೂಡಿಬಿದ್ದಿದ್ದರೆ, ಒಂದು ಚೀಲ ಬಿಟ್ಟರೂ ಪರೀಕ್ಷೆಯ ಹಣ ಒಂದೇ ಹಂಗಾಮಿನಲ್ಲಿ ಕೈಗೆ ಮರಳುತ್ತದೆ. ಆದ್ದರಿಂದ ಬೇಡಿಕೆ ಹುಡುಕುವವರು ಮೊದಲು ನೋಡಬೇಕಾದದ್ದು ಆ ಊರಿನಲ್ಲಿ ಯಾವ ಗೊಬ್ಬರ, ಎಷ್ಟು ಚೀಲ ಹೋಗುತ್ತದೆ ಎಂಬುದನ್ನು. ಯೂರಿಯಾ ಮಾತ್ರ ಎರಚುವ ಖುಷ್ಕಿ ಊರಿಗೂ ಡಿಎಪಿ, ಮಿಶ್ರ ಗೊಬ್ಬರಗಳನ್ನು ಮೂಟೆಗಟ್ಟಲೆ ಹಾಕುವ ತೋಟದ ಊರಿಗೂ ಒಂದೇ ಶುಲ್ಕ, ಒಂದೇ ಮಾತು ಸಲ್ಲದು.

ಹಣ ಕೊಟ್ಟು ಪರೀಕ್ಷೆ ಮಾಡಿಸುವವರು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಚಾಟ್ನಿ ಮಾಡಿದ, ಅಂದರೆ ಬಳ್ಳಿ ಸವರಿದ ಮೇಲೆ ಎಲೆಯ ತೊಟ್ಟನ್ನೂ ಪರೀಕ್ಷೆ ಮಾಡಿಸುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿಯವರಿಗೆ ಹುಳಿ ಮಣ್ಣಿಗೆ ಎಷ್ಟು ಸುಣ್ಣ ಹಾಕಬೇಕು ಎಂಬುದು ಖರ್ಚಿನ ಪ್ರಶ್ನೆ; ಊಹೆಯ ಮೇಲೆ ಸುಣ್ಣ ಹೊಡೆಸಲು ಅವರು ಒಪ್ಪುವುದಿಲ್ಲ. ಎಕರೆಗೆ ಹಾಕುವ ಬಂಡವಾಳ ಏರಿದಷ್ಟೂ ಮಣ್ಣಿನ ಅಂಕಿಗೆ ಬೆಲೆ ಏರುತ್ತದೆ.

ಇನ್ನು ಕಾಲದ ಮಾತು. ಖುಷ್ಕಿ ರೈತ ಗೊಬ್ಬರದ ಬಗ್ಗೆ ತೀರ್ಮಾನ ಮಾಡುವುದು ಯುಗಾದಿ ಕಳೆದು, ಅಶ್ವಿನಿ, ಭರಣಿ ಮಳೆಗಳಿಗೆ ನೆಲ ಹದವಾಗುವ ಹೊತ್ತಿಗೆ. ಹಿಂದಿನ ಬೆಳೆ ತೆಗೆದು, ಹೊಸ ಗೊಬ್ಬರ ಬೀಳುವ ಮೊದಲು ಮಣ್ಣು ತೆಗೆಯಬೇಕು. ಆ ಮಣ್ಣು ನೆರಳಿನಲ್ಲಿ ಒಣಗಬೇಕು, ಜರಡಿಯಾಗಬೇಕು, ಪರೀಕ್ಷೆಯಾಗಬೇಕು. ವರ್ಷದ ಮಾದರಿಗಳೆಲ್ಲ ಎಂಟು ಹತ್ತು ವಾರಗಳಲ್ಲಿ ಬಂದು ಬೀಳುತ್ತವೆ. ಉಳಿದ ತಿಂಗಳು ಯಂತ್ರ ಧೂಳು ಹಿಡಿದು ಕೂರುತ್ತದೆ. ರೋಹಿಣಿ ಮಳೆ ದಾಟಿ ಕೂರಿಗೆ ಹೂಡಿದ ಮೇಲೆ ವರದಿ ಬಂದರೆ, ಮದುವೆ ಮುಗಿದ ಮೇಲೆ ಬಂದ ಜಾತಕದಂತೆ. ಆದ್ದರಿಂದ ವರ್ಷಕ್ಕೆ ಎಷ್ಟು ಮಾದರಿ ಬರಬಹುದು ಎಂದು ಎಣಿಸುವುದಕ್ಕಿಂತ ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಮಾದರಿಗೆ ಉತ್ತರ ಕೊಡಬಲ್ಲೆವು ಎಂದು ಮೊದಲು ಕೇಳಿಕೊಳ್ಳಿ. ಉಳಿದ ತಿಂಗಳಿಗೆ ಅಡಿಕೆ, ತೆಂಗು, ದಾಳಿಂಬೆ ತೋಟದವರನ್ನೂ ಕೊಳವೆಬಾವಿಯ ನೀರು ಪರೀಕ್ಷೆಯನ್ನೂ ಸೇರಿಸಿಕೊಳ್ಳದೆ ಘಟಕ ನಡೆಯುವುದು ಕಷ್ಟ.

ವರದಿಯ ಭಾಷೆಯೂ ಗಿರಾಕಿಯನ್ನು ಓಡಿಸುತ್ತದೆ. "ಹೆಕ್ಟೇರಿಗೆ ಸಾರಜನಕ 50 ಕಿಲೋ" ಎಂದು ಬರೆದಿರುತ್ತದೆ. ರೈತ ಎಣಿಸುವುದು ಎಕರೆಯಲ್ಲಿ, ಚೀಲದಲ್ಲಿ. ಹೆಕ್ಟೇರಿಗೆ 50 ಎಂದರೆ ಎಕರೆಗೆ 20 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇ 46 ಇರುವುದರಿಂದ ಎಕರೆಗೆ ಹೆಚ್ಚುಕಡಿಮೆ ಒಂದು ಚೀಲ. ಆದರೆ ಅವನು ಆಗಲೇ ಒಂದು ಚೀಲ ಡಿಎಪಿ ಹಾಕಿದ್ದರೆ ಅದರಲ್ಲೇ 9 ಕಿಲೋ ಸಾರಜನಕ ಬಂದಿರುತ್ತದೆ. ಆಗ ಯೂರಿಯಾ ಅರ್ಧ ಚೀಲದ ಮೇಲೆ ತುಸು ಸಾಕು. ಈ ಲೆಕ್ಕವನ್ನು ನಾವು ಮಾಡಿ ಕೊಡದಿದ್ದರೆ ಯಾರು ಮಾಡಿಕೊಡುತ್ತಾರೆ? ಗೊಬ್ಬರದಂಗಡಿಯವರು. ಅಂಗಡಿಯಲ್ಲಿ ಉದ್ದರಿ ಇರುತ್ತದೆ. ಉದ್ದರಿ ಇರುವವನು ಅಂಗಡಿಯವರು ಕೊಟ್ಟ ಚೀಲ ಹೊತ್ತು ಬರುತ್ತಾನೆಯೇ ಹೊರತು "ನನ್ನ ಕಾಗದದಲ್ಲಿ ಬೇರೆ ಬರೆದಿದೆ" ಎಂದು ವಾದಿಸುವುದಿಲ್ಲ. ಬೇಡಿಕೆಯ ಸಮೀಕ್ಷೆಯಲ್ಲಿ "ಗೊಬ್ಬರವನ್ನು ನಗದಿಗೆ ತರುತ್ತೀರೋ, ಉದ್ದರಿಗೋ?" ಎಂಬ ಪ್ರಶ್ನೆ ಇಲ್ಲದಿದ್ದರೆ ಆ ಸಮೀಕ್ಷೆಯನ್ನು ನಾನು ನಂಬುವುದಿಲ್ಲ.

ಭೂಚೇತನದ ನೆನಪು ಇಲ್ಲಿ ಸಹಾಯಕ್ಕೆ ಬರುತ್ತದೆ. 2009ರಲ್ಲಿ ನಮ್ಮ ರಾಜ್ಯ ಸರ್ಕಾರ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಖುಷ್ಕಿ ಭೂಮಿಗಾಗಿ ಆರಂಭಿಸಿದ ಕಾರ್ಯಕ್ರಮ ಅದು. ನಮ್ಮ ಖುಷ್ಕಿ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಎಷ್ಟು ವ್ಯಾಪಕವಾಗಿ ಕಡಿಮೆಯಾಗಿವೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಅದಕ್ಕಿಂತ ಮುಖ್ಯವಾದ ಪಾಠ ಬೇರೆ ಇದೆ. ಈ ಕೊರತೆ ತುಂಬುವ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ಬೆಲೆಗೆ ದೊರೆತವು. ಊರಿನಲ್ಲೇ ಇದ್ದ ರೈತ ಅನುವುಗಾರರು ಅವನ್ನು ಹೇಗೆ ಹಾಕಬೇಕೆಂದು ತೋರಿಸಿದರು. ಸಲಹೆಯ ಜೊತೆಗೆ ಸಾಮಾನೂ ಮನುಷ್ಯನೂ ಬಂದದ್ದರಿಂದ ಸಲಹೆ ಹೊಲಕ್ಕೆ ಇಳಿಯಿತು. ಹತ್ತಿರದಲ್ಲಿ ಬೋರಾಕ್ಸ್ ಸಿಗದ ಊರಿನಲ್ಲಿ ಬೋರಾನ್ ಕಡಿಮೆ ಇದೆ ಎಂದು ಹೇಳಿ ಹಣ ಪಡೆಯುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ.

ಬೇರೆಯವರ ಹೊಲವನ್ನು ಗುತ್ತಿಗೆಗೆ, ವಾರಕ್ಕೆ (ಬೆಳೆಯ ಪಾಲಿಗೆ) ಮಾಡುವವರನ್ನೂ ಮರೆಯಬಾರದು. ಅವರದು ಬಾಯಿಮಾತಿನ ಒಪ್ಪಂದ. ಮುಂದಿನ ವರ್ಷ ಹೊಲ ತಮ್ಮ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದು. ಎರಡು ಮೂರು ಬೆಳೆಗೆ ಫಲ ಕೊಡುವ ಸತುವಿಗೆ ಅವರು ಏಕೆ ಹಣ ಹಾಕುತ್ತಾರೆ?

ಹಾಗಾದರೆ ಬೇಡಿಕೆಯನ್ನು ಅಳೆಯುವುದು ಹೇಗೆ? ನಾವು ಕೊನೆಗೆ ಕಂಡುಕೊಂಡ ದಾರಿ ಸರಳವಾದದ್ದು. ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುವುದನ್ನು ನಿಲ್ಲಿಸಿ, ಸಣ್ಣ ಮೊತ್ತವಾದರೂ ಸರಿ, ಮುಂಗಡ ಕೇಳಿದೆವು. ಒಂದು ಊರಿನಲ್ಲಿ ಒಂದು ಶುಲ್ಕ, ಪಕ್ಕದ ಊರಿನಲ್ಲಿ ಬೇರೆ ಶುಲ್ಕ ಹೇಳಿ ನೋಡಿದೆವು. ಒಂದು ಕಡೆ ನಾವೇ ಹೊಲಕ್ಕೆ ಹೋಗಿ ಮಣ್ಣು ತೆಗೆದೆವು, ಇನ್ನೊಂದು ಕಡೆ ತಂದುಕೊಡಿ ಎಂದೆವು. ಶುಲ್ಕ ಇಳಿಸಿದ್ದಕ್ಕಿಂತ ಹೊಲಕ್ಕೆ ಹೋದದ್ದೇ ಹೆಚ್ಚು ಜನರನ್ನು ತಂದಿತು. ಇದರಲ್ಲಿ ಆಶ್ಚರ್ಯವಿಲ್ಲ. ಒಂದು ಎಕರೆಯ ಮೇಲ್ಪದರದ 15 ಸೆಂಟಿಮೀಟರ್ ಮಣ್ಣು ಎಂಟು ಒಂಬತ್ತು ಲಕ್ಷ ಕಿಲೋ ತೂಗುತ್ತದೆ. ಅದರ ಪ್ರತಿನಿಧಿಯಾಗಿ ನಾವು ಒಯ್ಯುವುದು ಅರ್ಧ ಕಿಲೋ. ಹಲವು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಿ, ಬದುವಿನ ಅಂಚು, ತಿಪ್ಪೆಯ ಜಾಗ, ಮರದ ಬುಡ ಬಿಟ್ಟು, ಮಣ್ಣು ಬೆರೆಸಿ ಭಾಗ ಮಾಡುವುದನ್ನು ರೈತ ಕಣ್ಣಾರೆ ಕಂಡಾಗ ಆ ಅರ್ಧ ಕಿಲೋ ತನ್ನ ಹೊಲದ್ದೇ ಎಂದು ನಂಬುತ್ತಾನೆ.

ಮೊದಲ ವರ್ಷ ತಾವಾಗಿಯೇ ಬಂದ ಆ ಬೆರಳೆಣಿಕೆಯ ಮಂದಿಯ ಬಳಿಗೆ ನಾವು ಮತ್ತೆ ಹೋದೆವು. ಏಕೆ ಬಂದಿರಿ ಎಂದು ಕೇಳಬೇಕಿತ್ತು. ಎರಡೆಕರೆಯ ಒಡತಿಯಾದ ಒಬ್ಬ ಅಜ್ಜಿ ನಮ್ಮನ್ನು ಹೊಲದ ಮೂಲೆಗೆ ಕರೆದೊಯ್ದು ತೋರಿಸಿದರು. "ನೋಡಪ್ಪಾ, ಹೊಲವೆಲ್ಲ ಹಸಿರು, ಈ ಮೂಲೆಯಲ್ಲಿ ಮಾತ್ರ ಪ್ರತಿ ವರ್ಷ ಕಡಲೆಕಾಯಿ ಹಳದಿಯಾಗುತ್ತದೆ. ಯೂರಿಯಾ ಹಾಕಿ ಹಾಕಿ ಸಾಕಾಯಿತು. ಏಕೆ ಎಂದು ತಿಳಿಯಬೇಕಿತ್ತು." ಆ ಮೂಲೆಯಲ್ಲಿ ಸುಣ್ಣಕಲ್ಲಿನ ಹರಳು ಹೆಚ್ಚು. ರಸಸಾರ ಏರಿ, ನೆಲದಲ್ಲಿರುವ ಕಬ್ಬಿಣ ಬೇರಿಗೆ ದಕ್ಕದೆ ಗಿಡ ಬಿಳಿಚಿಕೊಳ್ಳುತ್ತಿತ್ತು. ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ತೆಳುವಾಗಿ ಕರಗಿಸಿ ಎಲೆಗೆ ಸಿಂಪಡಿಸಿದ ಮೇಲೆ ಗಿಡ ಹಸಿರಾಯಿತು. ಉಳಿದವರ ಮನೆಗಳಲ್ಲೂ ಇಂಥದ್ದೇ ಮಾತು: ಒಬ್ಬರಿಗೆ ಚೌಳು ಹಿಡಿದ ತಗ್ಗು, ಇನ್ನೊಬ್ಬರಿಗೆ ಕಾಯಿ ಉದುರಿಸುವ ತೆಂಗಿನ ಸಾಲು. 12 ಅಂಕಿಗಳು ಬೇಕೆಂದು ಯಾರೂ ಬಂದಿರಲಿಲ್ಲ. ಕಾಡುವ ಒಂದು ಪ್ರಶ್ನೆಯನ್ನು ಹಿಡಿದು ಬಂದಿದ್ದರು.

ಈಗ ನಮ್ಮ ಘಟಕದ ಅರ್ಜಿ ಬದಲಾಗಿದೆ. ಸರ್ವೆ ನಂಬರು, ಹೋಬಳಿ, ಆಧಾರ್ ಎಲ್ಲ ಕೆಳಗಿನ ಸಾಲುಗಳಿಗೆ ಹೋಗಿವೆ. ಮೊದಲ ಸಾಲಿನಲ್ಲಿ ಹೀಗೆ ಕೇಳುತ್ತೇವೆ: ನಿಮ್ಮ ಹೊಲದ ಯಾವ ಮೂಲೆ ನಿಮ್ಮನ್ನು ಕಾಡುತ್ತಿದೆ?

ನಮಸ್ಕಾರ.